‘ದಿ ಲೊಕೇಶನ್ ಆಫ್ ಕಲ್ಚರ್’: ಆರನೆಯ ಅಧ್ಯಾಯದಿಂದ ಓದಿ

1994ರಲ್ಲಿ ರೌಟ್ಲೆಜ್ ಪ್ರಕಟಿಸಿದ, ಸಾಹಿತ್ಯ ಚಿಂತಕ ಹೋಮಿ ಭಾಭಾ (ಅಣುವಿಜ್ಞಾನಿಯಲ್ಲ) ಅವರ ಈ ಪ್ರಬಂಧ ಸಂಕಲನವನ್ನು ನಾನು ಎರಡು ಬಾರಿ ಅರ್ಧಕ್ಕೇ ಬಿಟ್ಟು, ಮೂರನೆಯ ಬಾರಿ ಮುಗಿಸಿದೆ. ವಸಾಹತೋತ್ತರ ಚಿಂತನೆಯ, ಅಂದರೆ ವಸಾಹತು ಆಳ್ವಿಕೆ ಮತ್ತು ಅದು ಉಳಿಸಿಹೋದ ಪರಿಣಾಮಗಳನ್ನು ಕುರಿತ ಚಿಂತನೆಯ, ಚರ್ಚೆ ಬಂದಾಗ ಕನ್ನಡದಲ್ಲೂ ಕೇಳಿಬರುವ ಪುಸ್ತಕವಿದು. ಹಲವರ ಪಾಲಿಗೆ ಇದು ಕಬ್ಬಿಣದ ಕಡಲೆಯಾಗಿ ಉಳಿದಿದ್ದರೆ ಅದಕ್ಕೆ ಓದುಗರನ್ನಷ್ಟೇ ದೂರುವಂತಿಲ್ಲ.

ನಾಲ್ಕನೆಯ ಅಧ್ಯಾಯವನ್ನೇ ನೋಡಿ. ರಕ್ತ ಮತ್ತು ಬಣ್ಣದಲ್ಲಿ ಭಾರತೀಯರೂ ಅಭಿರುಚಿ, ಅಭಿಪ್ರಾಯಗಳಲ್ಲಿ ಇಂಗ್ಲಿಷರೂ ಆದ ಒಂದು ವರ್ಗ ಬೇಕೆಂದು ಬ್ರಿಟಿಷ್ ಆಡಳಿತಗಾರ ಮೆಕಾಲೆ 1835ರಲ್ಲಿ ಬರೆದಿದ್ದ. ಹಾಗೆ ರೂಪುಗೊಂಡವನು ಆಳುವವನಂತೆಯೇ ಕಂಡರೂ ಪೂರ್ತಿ ಅವನಂತಾಗುವುದಿಲ್ಲ, ಆ ಕೂದಲೆಳೆಯ ಅಂತರವೇ ಆಳುವವನ ನೆಮ್ಮದಿ ಕೆಡಿಸುತ್ತದೆ ಎಂದು ಭಾಭಾ ತೋರಿಸುತ್ತಾರೆ. ಇದು ನಿಜಕ್ಕೂ ದೊಡ್ಡ ಒಳನೋಟ. ಆದರೆ ಇದೇ ಪುಸ್ತಕದ ಒಂದು ವಾಕ್ಯಕ್ಕೆ ‘ಫಿಲಾಸಫಿ ಅಂಡ್ ಲಿಟರೇಚರ್’ ಪತ್ರಿಕೆಯ ಕೆಟ್ಟ ಬರವಣಿಗೆಯ ಸ್ಪರ್ಧೆಯಲ್ಲಿ 1998ರ ಎರಡನೆಯ ಸ್ಥಾನ ಬಂತು. ಮೊದಲನೆಯದು ಅಮೆರಿಕದ ತತ್ತ್ವಚಿಂತಕಿ ಜುಡಿತ್ ಬಟ್ಲರ್ ಅವರದು. ಸ್ಪರ್ಧೆಯ ಗೇಲಿ ನನಗೆ ಹಿಡಿಸುವುದಿಲ್ಲ. ಆದರೂ ಆ ವಾಕ್ಯವನ್ನು ಬಿಡಿಸಿ ನೋಡಬೇಕು. ಅಪರಾಧಪ್ರಜ್ಞೆ, ಸಮರ್ಥನೆ, ಹುಸಿ ವೈಜ್ಞಾನಿಕ ಸಿದ್ಧಾಂತ, ಮೂಢನಂಬಿಕೆ, ಪೊಳ್ಳು ಪ್ರಮಾಣ, ವರ್ಗೀಕರಣ ಎಂದು ಆರು ನಾಮಪದಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಇವುಗಳ ಪುನರಾವರ್ತನೆಯನ್ನು ಒಂದು ಹತಾಶ ಪ್ರಯತ್ನವಾಗಿ ‘ಕಾಣಬಹುದು’ ಎನ್ನಲಾಗುತ್ತದೆ. ಅಪರಾಧಪ್ರಜ್ಞೆ ಯಾರದು? ವರ್ಗೀಕರಿಸಿದವರು ಯಾರು? ಕಾಣುವವರು ಯಾರು? ಹೊಸ ಚಿಂತನೆಗೆ ಹೊಸ ಪದಗಳು ಬೇಕೆಂಬುದನ್ನು ನಾನು ಒಪ್ಪುತ್ತೇನೆ, ಸಂಕರತೆಯಂಥ (ಆಳುವವರ ಮತ್ತು ಆಳಿಸಿಕೊಂಡವರ ಸಂಸ್ಕೃತಿಗಳು ಬೆರೆತು ಹೊಸದೊಂದು ಹುಟ್ಟುವುದು) ಪರಿಕಲ್ಪನೆಗಾಗಿ ಕಷ್ಟಪಡಲೂ ಸಿದ್ಧನಿದ್ದೇನೆ. ಆದರೆ ಯಾರು ಯಾರನ್ನು ಹೇಗೆ ಆಳಿದರು ಎಂಬುದನ್ನು ಕೇಳಲು ಹೊರಟ ಪುಸ್ತಕದಲ್ಲಿ ವ್ಯಾಕರಣವೇ ಕರ್ತೃವನ್ನು ಮರೆಮಾಡುವುದು ಶೈಲಿಯ ದೋಷವಷ್ಟೇ ಅಲ್ಲ, ವಾದದ ದೋಷವೂ ಹೌದು.

ಭಾಭಾ ಅವರಿಗೆ ಸ್ಪಷ್ಟವಾಗಿ ಬರೆಯಲು ಬಾರದೆಂದಲ್ಲ. ಆರನೆಯ ಅಧ್ಯಾಯದಲ್ಲಿ, 1817ರ ಮೇ ತಿಂಗಳ ಮೊದಲ ವಾರ, ಆನಂದ ಮಸೀಹ ಎಂಬ ಕ್ರೈಸ್ತ ಉಪದೇಶಕ ಮೀರತ್‌ನಿಂದ ದೆಹಲಿಯ ಹೊರಗಿನ ತೋಪೊಂದಕ್ಕೆ ಧಾವಿಸುತ್ತಾನೆ. ಅಲ್ಲಿ ಸುಮಾರು 500 ಜನ ಮರದ ನೆರಳಲ್ಲಿ ಕೂತು ತಮ್ಮ ಭಾಷೆಯ ಬೈಬಲ್ ಓದುತ್ತಿದ್ದಾರೆ. ಇದು ಸಾಹೇಬರ ಪುಸ್ತಕವೆಂದು ಅವನು ಹೇಳಿದರೆ ಅವರು ಒಪ್ಪುವುದಿಲ್ಲ. ಸಾಹೇಬರು ಮಾಂಸ ತಿನ್ನುವವರು, ಇದು ಅವರದಾಗಲು ಹೇಗೆ ಸಾಧ್ಯ ಎನ್ನುತ್ತಾರೆ. ಪವಿತ್ರ ಗ್ರಂಥವನ್ನು ತಲೆಗೊತ್ತಿಕೊಂಡೇ ಅದನ್ನು ತಂದವರ ಅಧಿಕಾರವನ್ನು ಆ ಜನ ಪಕ್ಕಕ್ಕಿಟ್ಟರು ಎಂಬುದು ಯಾವ ಪರಿಭಾಷೆಯ ಹಂಗೂ ಇಲ್ಲದೆ ಮನಸ್ಸಿಗಿಳಿಯುತ್ತದೆ. ಮುಂದೆ ಪರಿಭಾಷೆ ಮರಳಿದಾಗಲೂ ಆ ತೋಪು ಕಣ್ಣ ಮುಂದೆ ಇರುವುದರಿಂದ ದಾರಿ ತಪ್ಪುವುದಿಲ್ಲ.

ಹೊಸಬರು ಪೀಠಿಕೆಯನ್ನು ಸದ್ಯಕ್ಕೆ ಬಿಟ್ಟು ಇಲ್ಲಿಂದ ಆರಂಭಿಸಿ, 1857ರ ದಂಗೆಗೆ ಮುನ್ನ ಊರಿಂದೂರಿಗೆ ಹಂಚಿಕೆಯಾದ ಚಪಾತಿಗಳ ಕುರಿತ ಹತ್ತನೆಯ ಅಧ್ಯಾಯವನ್ನು ಓದಿ, ಆಮೇಲೆ ನಾಲ್ಕಕ್ಕೆ ಬರುವುದು ಒಳಿತು. ನಾನು ಪೆನ್ಸಿಲ್ ಹಿಡಿದು ಪ್ರತಿ ಭಾವನಾಮದ ಪಕ್ಕ ‘ಯಾರು’ ಎಂಬುದಕ್ಕೆ ಉತ್ತರ ಬರೆದುಕೊಳ್ಳುತ್ತಾ ಓದಿದೆ. ರಾಷ್ಟ್ರವನ್ನು ಕುರಿತ ಎಂಟನೆಯ ಅಧ್ಯಾಯದಲ್ಲಿ ಎಷ್ಟೋ ಅಂಚುಗಳು ಇನ್ನೂ ಖಾಲಿ ಇವೆ.