ಕಾಂಬೋಡಿಯದ ಮಕ್ಕಳ ಪೆಟ್ಟಿಗೆ: ತರಗತಿಗೆ ತರುವ ಮೊದಲು

ಮಂಗಳೂರಿನ ವಾಚನಾಲಯವೊಂದು ಹೈಸ್ಕೂಲು, ಪಿಯು ಕಾಲೇಜುಗಳಿಗೆ ಬಾಡಿಗೆಗೆ ಕೊಡುವ ಪೆಟ್ಟಿಗೆ ಇದು. 16 ಚಿತ್ರಫಲಕ, ಒಂದು ಭೂಪಟ, ಒಂದು ಹಾಲಿನ ಡಬ್ಬ, ಶಿಕ್ಷಕರಿಗೊಂದು ಕೈಪಿಡಿ. ಮೂರು ದಿನಕ್ಕೆ 600 ರೂಪಾಯಿ, ಠೇವಣಿ 1,000. ವಿಷಯ, 1975ರಿಂದ 1979ರವರೆಗೆ ಕಾಂಬೋಡಿಯವನ್ನು ಆಳಿದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಸಿಕ್ಕಿಬಿದ್ದ ಮಕ್ಕಳು. ಒಂಬತ್ತನೇ ತರಗತಿಗಿಂತ ಚಿಕ್ಕವರಿಗೆ ಬೇಡ.

ಫಲಕಗಳ ಕ್ರಮ ಚೆನ್ನಾಗಿದೆ. 1975ರ ಏಪ್ರಿಲ್ 17ರಂದು ‘ಅಮೆರಿಕದವರು ಬಾಂಬು ಹಾಕುತ್ತಾರೆ, ಮೂರು ದಿನ ಊರು ಬಿಡಿ’ ಎಂದು ನಂಬಿಸಿ ರಾಜಧಾನಿ ನಾಮ್ ಪೆನ್‌ನಿಂದ ಸುಮಾರು 20 ಲಕ್ಷ ಜನರನ್ನು ಹೊರಡಿಸಿದಲ್ಲಿಂದ ಶುರು. ಬಂದೂಕು ಹಿಡಿದವರಲ್ಲೂ ಅನೇಕರು ಮೀಸೆ ಮೂಡದ ಹುಡುಗರು ಎಂದು ಎರಡನೇ ಫಲಕದಲ್ಲೇ ತೋರಿಸಿದ್ದಾರೆ. ಅದು ತಡವಾಗಿದ್ದರೆ ನಮ್ಮ ಮಕ್ಕಳು ಒಳ್ಳೆಯವರು, ಕೆಟ್ಟವರು ಎಂದು ಪಾಲು ಮಾಡಿ ಮುಗಿಸಿಬಿಡುತ್ತಾರೆ. ಆಮೇಲೆ ಶಾಲೆ, ದುಡ್ಡು, ಸಂತೆ, ಪೂಜೆ ಎಲ್ಲ ನಿಂತದ್ದು, ಮಕ್ಕಳನ್ನು ಬೇರೆ ಮಾಡಿ ದುಡಿಮೆಯ ತುಕಡಿಗೆ ಹಾಕಿದ್ದು, ‘ಅಂಗ್ಕಾರ್’ (ಖ್ಮೇರ್ ರೂಜ್ ತನ್ನನ್ನು ಕರೆದುಕೊಳ್ಳುತ್ತಿದ್ದ ಹೆಸರು, ಅರ್ಥ ‘ಸಂಘಟನೆ’) ಎಂಬುದೇ ನಿಮ್ಮ ತಂದೆತಾಯಿ ಎಂದು ಕಲಿಸಿ ಹೆತ್ತವರ ಮೇಲೇ ದೂರು ಹೇಳಿಸಿದ್ದು. ತೂಲ್ ಸ್ಲೆಂಗ್ ಎಂಬ ಸೆರೆಮನೆಯ ಫಲಕಕ್ಕೆ ಹೆಚ್ಚು ಹೊತ್ತು ಕೊಡಿ. ಹೈಸ್ಕೂಲೊಂದರ ತರಗತಿಗಳೊಳಗೆ ಇಟ್ಟಿಗೆ ಗೋಡೆ ಎಬ್ಬಿಸಿ ಸೆರೆಕೋಣೆ ಮಾಡಿದ್ದರು, 14 ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿಗೆ ತಂದರು. ಕಾವಲಿಗೆ ನಿಂತವರಲ್ಲಿ ಹದಿಹರೆಯದವರಿದ್ದರು.

ಆ ಕಾಲದ ಕಾಂಬೋಡಿಯದಲ್ಲಿ ಅಕ್ಕಿ ಅಳೆಯುತ್ತಿದ್ದದ್ದು ಸಿಹಿಹಾಲಿನ ಡಬ್ಬದಲ್ಲಿ, ಸುಮಾರು 250 ಗ್ರಾಂ. ಒಂದು ಡಬ್ಬ ಕುಚಲಕ್ಕಿಯನ್ನು 7 ಲೀಟರ್ ನೀರಿನಲ್ಲಿ ಬೇಯಿಸಿ, 20 ಗಾಜಿನ ಲೋಟಗಳಿಗೆ ಹಂಚಿ ಮೇಜಿನ ಮೇಲಿಡಿ ಎನ್ನುತ್ತದೆ ಕೈಪಿಡಿ. ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಂಡು ಬೆಳೆದ ಮಕ್ಕಳಿಗೆ ಲೋಟದ ತಳದಲ್ಲಿ ಕೂತ ಅಗುಳು ಕಂಡರೆ ಸಾಕು, ವಿವರಿಸುವುದು ಬೇಡ. ಬೆಳ್ತಿಗೆ ಹಾಕಬೇಡಿ, ಅಗುಳು ಒಡೆದು ನೀರು ಮಂದವಾಗಿ ಗಂಜಿ ತುಂಬಿದಂತೆ ಕಾಣುತ್ತದೆ. ಹಸಿವಿನ ನಟನೆಯನ್ನಂತೂ ಮಾಡಿಸಲೇಬೇಡಿ.

ಮಳೆಗಾಲದಲ್ಲಿ ತೊಂದರೆ ಇದೆ. ಫೋಮ್ ಬೋರ್ಡು ತೇವ ಹೀರಿ ಬಾಗುತ್ತದೆ, ಹಸಿಯಾದ ಗೋಡೆಗೆ ಅಂಟಿಸಿದ ಟೇಪು ಬೆಳಗಾಗುವುದರೊಳಗೆ ಬಿಡುತ್ತದೆ. ನೈಲಾನ್ ಹಗ್ಗ ಬಿಗಿದು ಫಲಕಕ್ಕೆ ಎರಡೆರಡು ಕ್ಲಿಪ್ ಹಾಕಿ. ಒಂದು ಸಲಕ್ಕೆ ಹತ್ತೇ ಮಕ್ಕಳನ್ನು ಬಿಡಿ. ಗುಂಪು ದೊಡ್ಡದಾದರೆ ಹಿಂದಿನವರಿಗೆ ಅಕ್ಷರ ಕಾಣದೆ ಗಲಾಟೆ ಏಳುತ್ತದೆ.

ನಮ್ಮ ದೊಡ್ಡ ಆಕ್ಷೇಪ ಕೊನೆಯ ಚಟುವಟಿಕೆಯ ಬಗ್ಗೆ. 13ನೇ ಫಲಕದ ಹುಡುಗಿ ಅಪ್ಪನನ್ನು ಎಳೆದೊಯ್ದವರನ್ನು ಕೊಲ್ಲಬೇಕು ಎಂದುಕೊಳ್ಳುತ್ತಾಳೆ. ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಸತ್ಯವಾದ ಫಲಕ ಅದು. ಅದಾದ ಮೇಲೆ ಕೈಪಿಡಿ ‘ಸೈನಿಕನನ್ನು ಕ್ಷಮಿಸಿ ಪತ್ರ ಬರೆಯಿರಿ’ ಎನ್ನುತ್ತದೆ. 1979ರ ಜನವರಿ 7ಕ್ಕೆ ರಾಜಧಾನಿ ಖ್ಮೇರ್ ರೂಜ್‌ನ ಕೈತಪ್ಪುವಷ್ಟರಲ್ಲಿ 15ರಿಂದ 20 ಲಕ್ಷ ಜನ ಸತ್ತಿದ್ದರು. ವಿಶ್ವಸಂಸ್ಥೆಯ ನೆರವಿನ ನ್ಯಾಯಾಲಯದ ಮೊದಲ ತೀರ್ಪು ಬಂದದ್ದು 2010ರಲ್ಲಿ. ಹಾಗಿರುವಾಗ ಆ ಮಗುವಿನ ಸಿಟ್ಟನ್ನು 40 ನಿಮಿಷದ ಒಂದು ಪೀರಿಯಡಿನಲ್ಲಿ ಇಳಿಸಹೊರಡುವುದು ಅನ್ಯಾಯ. ಆ ಹಾಳೆ ಬದಿಗಿಟ್ಟು ‘ಇವಳಿಂದ ಏನೇನು ಕಿತ್ತುಕೊಂಡರು?’ ಎಂದಷ್ಟೇ ಕೇಳಿ ಬರೆಸಿ. ಬರೆದದ್ದಕ್ಕೆ ಅಂಕ ಹಾಕಬೇಡಿ, ಗಟ್ಟಿಯಾಗಿ ಓದಿಸಬೇಡಿ.

ದಿನದ ಕೊನೆಯ ಪೀರಿಯಡಿಗೆ ಇಡಬೇಡಿ, ಮಕ್ಕಳಿಗೆ ಆಮೇಲೆ ಮಾತಾಡಲು ಅರ್ಧ ಗಂಟೆಯಾದರೂ ಬೇಕು. ಉಡುಪಿ ಕಡೆಯವರು ಸಾಗಾಟದ ಖರ್ಚು ತಾವೇ ನೋಡಿಕೊಳ್ಳಬೇಕು. ಪೆಟ್ಟಿಗೆ 14 ಕೆಜಿ ಇದೆ, ಬಸ್ಸಿನಲ್ಲಿ ತರುವುದಾದರೆ ಜೊತೆಗೆ ಒಬ್ಬರಿರಲಿ.