ಒಂದು ಪ್ರೇಮಕಥೆ, ಐದು ಊರು: ಎಲ್ಲಿ ಕೂತಿತು, ಎಲ್ಲಿ ಕೂರಲಿಲ್ಲ

ಬ್ರಿಟಿಷರ ಕಾಲದ ಒಂದು ದೊಡ್ಡ ಪ್ರೇಮ ಕಾದಂಬರಿ ಬರೀಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ದೊಡ್ಡದು ಅಂದರೆ ದಿಂಬಿನಷ್ಟು ದಪ್ಪ. ಮೊದಲ ಮಳೆಗೆ ಕೈಗೆತ್ತಿಕೊಂಡವರು ದಸರಾ ಹೊತ್ತಿಗೆ ಮುಗಿಸಬೇಕು. ಕುದುರೆ, ಕೋಟೆ, ಕಾಗದ, ಕಣ್ಣೀರು ಎಲ್ಲ ಇರಬೇಕು. ಹುಡುಗ ಹುಡುಗಿ ನನ್ನ ತಲೆಯಲ್ಲಿ ಆಗಲೇ ಓಡಾಡುತ್ತಿದ್ದರು. ಅವರಿಗೆ ಊರು ಮತ್ತು ಇಸವಿ ಮಾತ್ರ ಸಿಕ್ಕಿರಲಿಲ್ಲ.

ಹಾಗಾಗಿ ಐದು ಕಡೆ ಇಟ್ಟು ನೋಡಿದೆ. ಒಂದೊಂದು ಊರಿಗೂ ಮೂರು ಮೂರು ಅಧ್ಯಾಯ. ಓದಿ ಹೇಳಿದವಳು ನಮ್ಮಕ್ಕ. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು, ರಟ್ಟು ಅಂಟಿಸಿ ಇಟ್ಟುಕೊಂಡವಳು ಅವಳು. ಇಸವಿ ಗಿಸವಿ ಅವಳಿಗೆ ಬೇಡ. ಅವಳು ಕೇಳೋದು ಮೂರೇ ಪ್ರಶ್ನೆ. ಇಬ್ಬರೂ ಎಲ್ಲಿ ಸಿಗ್ತಾರೆ? ಯಾವ ಭಾಷೆಯಲ್ಲಿ ಮಾತಾಡ್ತಾರೆ? ಯಾರು ಅಡ್ಡ ಬರ್ತಾರೆ? ನನ್ನ ಹೋಲಿಕೆಗೂ ಇವೇ ಅಳತೆಗೋಲು.

ಮೊದಲು ಹೋದದ್ದು ಲಕ್ನೋಗೆ, 1857. ಈ ಬಗೆಯ ಕಥೆಗೆ ಎಲ್ಲರ ಕಣ್ಣೂ ಮೊದಲು ಬೀಳೋದು ಅಲ್ಲಿಗೇ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವಧ್ ಸಂಸ್ಥಾನವನ್ನು ನುಂಗಿತು, ಲಕ್ನೋ ಅದರ ರಾಜಧಾನಿ. ಮರುವರ್ಷ ಜೂನ್ ಕೊನೆಯಿಂದ ರೆಸಿಡೆನ್ಸಿಗೆ, ಅಂದರೆ ಬ್ರಿಟಿಷ್ ಅಧಿಕಾರಿಯ ಬಂಗಲೆಯ ಆವರಣಕ್ಕೆ, ದಂಗೆಯೆದ್ದವರ ಮುತ್ತಿಗೆ. ಒಳಗೆ ಸುಮಾರು 3000 ಜನ, ಹೊರಗೆ ಪಟ್ಟ ಕಳೆದುಕೊಂಡ ನವಾಬನ ಹೆಂಡತಿ ಬೇಗಂ ಹಜ್ರತ್ ಮಹಲ್ ಕಡೆಯವರು. ಮೊದಲ ನೆರವಿನ ಪಡೆ ಒಳಗೆ ನುಗ್ಗಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ಒಂದೇ ಆವರಣದಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು ಅಂದರೆ ಪ್ರೇಮಕ್ಕೆ ಇನ್ನೇನು ಬೇಕು ಅಂದುಕೊಂಡೆ.

ಬರೆಯೋಕೆ ಕೂತಾಗ ಗೊತ್ತಾಯಿತು. ಫಿರಂಗಿ ಬಹಳ ಕೆಟ್ಟ ಅಭ್ಯಾಸ. ಮಾತು ಮುಂದುವರಿಯದಿದ್ದಾಗ ಒಂದು ಗುಂಡು ಬೀಳಿಸಿದರೆ ಸಾಕು, ದೃಶ್ಯ ತಾನಾಗಿ ಮುಗಿಯುತ್ತೆ. ಮೂರು ಅಧ್ಯಾಯದಲ್ಲಿ ಏಳು ಸಲ ಗುಂಡು ಬಿತ್ತು. ಅಕ್ಕ ಎಣಿಸಿ ಹೇಳಿದಳು. ಇನ್ನೊಂದು ತೊಡಕು ಮಾತಿನದು. ಲಕ್ನೋದವರ ಉರ್ದು ಅಂದರೆ ಬೈಗುಳಕ್ಕೂ ಅತ್ತರು ಹಚ್ಚಿದ ಭಾಷೆ. ಅದನ್ನು ಕನ್ನಡಕ್ಕೆ ತರೋಕೆ ಹೋದರೆ ನನ್ನ ನಾಯಕ ಕಂಪನಿ ನಾಟಕದ ರಾಜನ ಹಾಗೆ ಮಾತಾಡಿದ. "ತಾವು ಅಪ್ಪಣೆ ಕೊಡಿಸಿದರೆ..." ಅಂತ. ಲಕ್ನೋ ಕೈಬಿಟ್ಟೆ. ಬೇಜಾರೇನೂ ಆಗಲಿಲ್ಲ.

ಎರಡನೆಯದು ಸುರಪುರ. ಇದನ್ನು ಬಿಡೋಕೆ ನಿಜವಾಗಿ ಸಂಕಟ ಆಯಿತು.

1857ರ ಬಿಸಿ ನಮ್ಮ ಕಡೆಯೂ ಇತ್ತಲ್ಲ. ಆಯುಧ ಒಪ್ಪಿಸಿ ಅಂದಿದ್ದಕ್ಕೆ ಹಲಗಲಿಯ ಬೇಡರು ತಿರುಗಿಬಿದ್ದರು. 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ, ಸುರಪುರದ ವೆಂಕಟಪ್ಪ ನಾಯಕ ಎದ್ದು ನಿಂತರು. ನಾನು ಸುರಪುರವನ್ನೇ ಆರಿಸಿದ್ದಕ್ಕೆ ಕಾರಣ ಅಲ್ಲಿನ ಬೆಟ್ಟದ ಮೇಲಿನ ಬಂಗಲೆ. ಅದಕ್ಕೆ ಟೇಲರ್ ಮಂಜಿಲ್ ಅನ್ನುತ್ತಾರೆ. 1841ರಲ್ಲಿ ಸುರಪುರಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಅಲ್ಲಿದ್ದು ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡ. ಆ ಹುಡುಗ ಟೇಲರ್‌ನನ್ನು "ಅಪ್ಪಾ" ಅಂತ ಕರೆಯುತ್ತಿದ್ದ. ಹುಡುಗ ದೊಡ್ಡವನಾದ, 1853ರಲ್ಲಿ ರಾಜ್ಯ ಅವನ ಕೈಗೆ ಬಂತು, ಟೇಲರ್ ಹೊರಟುಹೋದ. ಐದು ವರ್ಷಕ್ಕೆ ಅದೇ ಹುಡುಗ ಬ್ರಿಟಿಷರ ಮೇಲೆ ಕತ್ತಿ ಎತ್ತಿ ಸಿಕ್ಕಿಬಿದ್ದ. ಟೇಲರ್ ಅವನನ್ನು ಸೆರೆಮನೆಯಲ್ಲಿ ಹೋಗಿ ಕಂಡ. ಶಿಕ್ಷೆ ಇಳಿಸಿ ಮದರಾಸಿನ ಕಡೆಯ ಕೋಟೆಗೆ ಸಾಗಿಸುವಾಗ ದಾರಿಯಲ್ಲೇ ಗುಂಡೇಟಿನಿಂದ ರಾಜ ತೀರಿಕೊಂಡ.

ಇಂಥ ಹಿನ್ನೆಲೆಯಲ್ಲಿ ನಾನು ಟೇಲರ್‌ನ ಕಚೇರಿಯ ಒಬ್ಬ ಗುಮಾಸ್ತನನ್ನೂ ಅರಮನೆಯ ಒಬ್ಬ ದಾಸಿಯ ಮಗಳನ್ನೂ ಇಟ್ಟೆ. ಭಾಷೆಯ ತೊಂದರೆ ಇಲ್ಲ. ಸಗರನಾಡಿನ ಕನ್ನಡ, ಅದರೊಳಗೆ ದಖನಿ ಉರ್ದುವಿನ ಒಗ್ಗರಣೆ. ಸಿಗೋಕೆ ಜಾಗವೂ ಇದೆ. ಬಂಡೆ, ಬಾವಿ, ಬೆಟ್ಟದ ಮೆಟ್ಟಿಲು. ಮೂರನೇ ಅಧ್ಯಾಯ ಓದಿ ಅಕ್ಕ ಕನ್ನಡಕ ತೆಗೆದಿಟ್ಟು ಹೇಳಿದಳು: "ಆ ಹುಡುಗ ಇಂಗ್ಲಿಷ್ ದೊರೆಗೆ ಅಪ್ಪಾ ಅಂತಾನಲ್ಲೋ, ಅದನ್ನ ಬರಿ. ನಿನ್ನ ಗುಮಾಸ್ತ ಯಾರಿಗೆ ಬೇಕು?"

ಅವಳ ಮಾತು ಸರಿ. ನಿಜವಾಗಿ ನಡೆದ ಆ ಸಂಬಂಧದ ಮುಂದೆ ನನ್ನ ಪ್ರೇಮಿಗಳು ಕಾಗದದ ಗೊಂಬೆಗಳಾಗಿದ್ದರು. ತಂದೆ-ಮಗನ ಕಥೆ ಬರೆಯೋರಿಗೆ ಸುರಪುರದಂಥ ಜಾಗ ಇನ್ನೊಂದಿಲ್ಲ. ನಾನು ಬರೆಯೋಕೆ ಹೊರಟದ್ದು ಅದನ್ನಲ್ಲ.

ಮೂರನೆಯದಕ್ಕೆ ಹೋಗೋ ಮೊದಲು ಒಂದು ಮಾತು. ಬಿಳಿಯ ಅಧಿಕಾರಿ, ಇಲ್ಲಿನ ಹೆಣ್ಣು ಅನ್ನೋ ಜೋಡಿ ಬೇಕಿದ್ದರೆ ಇಸವಿ ನೋಡಿ ಬರೀಬೇಕು. ಹೈದರಾಬಾದಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿಯಾಗಿದ್ದ ಕರ್ಕ್‌ಪ್ಯಾಟ್ರಿಕ್ 1800ರ ಸುಮಾರಿಗೆ ಖೈರುನ್ನೀಸಾಳನ್ನು ಮದುವೆಯಾದ. ಆಗಲೇ ಅದು ದೊಡ್ಡ ಗಲಾಟೆ. ಆದರೂ ಆಯಿತು. 1857 ಕಳೆದು, 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಮೇಮ್‌ಸಾಹೇಬರು ಹಡಗು ಹಡಗಾಗಿ ಬಂದಿಳಿದ ಮೇಲೆ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತು. 1880ರ ಕಲೆಕ್ಟರ್ ಹಳ್ಳಿಯ ಹುಡುಗಿಯ ಕೈಹಿಡಿದು ಊರಲ್ಲಿ ಮೆರವಣಿಗೆ ಹೋದ ಅಂತ ಬರೆದರೆ ನಾನಂತೂ ನಂಬಲ್ಲ.

ಆಮೇಲೆ ಕೊಡಗಿನ ಗೌರಮ್ಮ. ಇಲ್ಲಿ ಕಥೆ ಕಟ್ಟುವ ಕೆಲಸವೇ ಇಲ್ಲ, ಎಲ್ಲ ನಡೆದುಹೋಗಿದೆ. 1834ರಲ್ಲಿ ಅವಳ ಅಪ್ಪ, ಕೊಡಗಿನ ರಾಜ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡು ಕಾಶಿ ಸೇರಿದ. 1852ರಲ್ಲಿ ಹನ್ನೊಂದರ ಮಗಳನ್ನು ಕರಕೊಂಡು ಲಂಡನ್‌ಗೆ ಹೋದ. ಅಲ್ಲಿ ಹುಡುಗಿಗೆ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ರಾಣಿಯದೇ ಹೆಸರು. ಪಂಜಾಬಿನ ಪಟ್ಟ ಕಳೆದುಕೊಂಡ ಮಹಾರಾಜ ದುಲೀಪ್ ಸಿಂಗನಿಗೆ ಇವಳನ್ನು ಕೊಡಬೇಕು ಅಂತ ರಾಣಿಯ ಆಸೆ. ಅದು ಆಗಲಿಲ್ಲ. 1860ರಲ್ಲಿ ತನಗಿಂತ ಬಹಳ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಒಂದು ಹೆಣ್ಣು ಮಗು. 1864ರಲ್ಲಿ ತೀರಿಕೊಂಡಳು. ಆಗ ಇಪ್ಪತ್ತಮೂರೂ ತುಂಬಿತ್ತೋ ಇಲ್ಲವೋ.

ಓದೋರಿಗೆ ಇದು ಹಬ್ಬ. ಬರೆಯೋನಿಗೆ ಕಷ್ಟ. ಎಲ್ಲ ಬಾಗಿಲೂ ಇತಿಹಾಸವೇ ಹಾಕಿಬಿಟ್ಟಿದೆ. ಒಂದು ಕಿಟಕಿ ತೆಗೆದರೂ ಸುಳ್ಳು ಹೇಳಿದ ಹಾಗಾಗುತ್ತೆ, ಅದೂ ನಿಜವಾಗಿ ಬದುಕಿ ನೊಂದ ಒಬ್ಬ ಹುಡುಗಿಯ ಬಗ್ಗೆ. ಎರಡನೇ ಅಧ್ಯಾಯದಲ್ಲಿ ನನಗೆ ಇನ್ನೊಂದು ಹೊಳೆಯಿತು. ಅವಳು ಹುಟ್ಟಿದ್ದೇ ಅಪ್ಪನ ರಾಜ್ಯ ಹೋದ ಎಷ್ಟೋ ವರ್ಷದ ಮೇಲೆ. ನಾನು ಅವಳ ಕನಸಿನಲ್ಲಿ ಏಲಕ್ಕಿ ತೋಟ, ಮಡಿಕೇರಿಯ ಮಂಜು ಎಲ್ಲ ಸುರಿದಿದ್ದೆ. ಅದು ಅವಳ ನೆನಪಲ್ಲ, ನನ್ನದು. ಆ ಹಾಳೆಗಳನ್ನು ಹರಿಯಲಿಲ್ಲ, ಆದರೆ ಮತ್ತೆ ತೆಗೆದೂ ನೋಡಿಲ್ಲ.

ಕೋಲಾರದ ಚಿನ್ನದ ಗಣಿ ನಾಲ್ಕನೆಯದು. ಇದರಲ್ಲಿ ನನಗೇ ಜಾಸ್ತಿ ಖುಷಿ ಸಿಕ್ಕಿತು, ಓದುವವಳಿಗೆ ಕಮ್ಮಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಕ್ಕಿಂತ ಮೂರು ವರ್ಷ ತಡವಾಗಿ. ಈ ಸಂಗತಿ ನನ್ನನ್ನು ಎಷ್ಟು ಹಿಡಿಯಿತು ಅಂದರೆ, ನಾಯಕಿ ಬರೋದೇ ಮೂವತ್ತನೇ ಪುಟದಲ್ಲಿ. ಅವಳು ಬಂಗಲೆಯ ಕಡೆಯವಳು, ಅವನು ಕೂಲಿ ಲೈನಿನವನು. ಅವನು ಗಣಿಯೊಳಗಿಂದ ಮೇಲೆ ಬರೋ ಹೊತ್ತಿಗೆ ಅವಳ ಬಂಗಲೆಯ ಗೇಟು ಹಾಕಿರುತ್ತೆ. ಸಿಗೋದೇ ಇಲ್ಲ ಅಂದರೆ ಪ್ರೀತಿ ಎಲ್ಲಿಂದ ಬರುತ್ತೆ? ಜೊತೆಗೆ ಅಲ್ಲಿನ ನಿಜವಾದ ಮಾತು ತಮಿಳು, ತೆಲುಗು. ಅಲ್ಲಿ ಹುಟ್ಟಿ ಬೆಳೆದ ಯಾರಾದರೂ ಬರೆಯಲಿ, ನಾನು ಕ್ಯೂ ನಿಂತು ಓದ್ತೀನಿ.

ಕೊನೆಗೆ ಬೆಂಗಳೂರು, 1898, ಪ್ಲೇಗು. ಇದನ್ನು ನಾನು ಪಟ್ಟಿಗೆ ಸೇರಿಸಿದ್ದೇ ಸುಮ್ನೆ, ಐದು ಆಗಲಿ ಅಂತ. ಕೋಟೆ ಇಲ್ಲ, ಕುದುರೆ ಸವಾರಿ ಇಲ್ಲ, ಸತ್ತ ಇಲಿಗಳಿವೆ. ಯಾರು ಓದ್ತಾರೆ ಅಂದುಕೊಂಡಿದ್ದೆ.

ಆದರೆ ಆ ಊರಿನ ನಕ್ಷೆ ನೋಡಿ. ಅದು ಒಂದು ಊರಲ್ಲ, ಎರಡು. ಒಂದು ಕಡೆ ಪೇಟೆ, ಮೈಸೂರು ಮಹಾರಾಜರದ್ದು. ಇನ್ನೊಂದು ಕಡೆ ದಂಡು, ಬ್ರಿಟಿಷರ ಸೈನ್ಯದ ನೆಲೆ. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸು ಕೊಟ್ಟಾಗಲೂ ಅದನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ನಡುವೆ ಕಬ್ಬನ್ ಪಾರ್ಕು. ಪೇಟೆಯಲ್ಲಿ ಕನ್ನಡ, ತೆಲುಗು. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷ್. ನಡೆದುಕೊಂಡು ಹೋಗಿ ಬರುವಷ್ಟು ದೂರ, ಆದರೆ ಸರ್ಕಾರವೇ ಬೇರೆ. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಗೋಡೆ ಯಾವ ಕೋಟೆ ಕೊಡುತ್ತೆ?

ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ರೋಗ ಬಂದಿಳಿಯಿತು. ಆಮೇಲೆ ಮನೆ ತಪಾಸಣೆ, ಕ್ಯಾಂಪು, ಸುಣ್ಣ, ಔಷಧಿ ನೀರು. ಜ್ವರ ಬಂದವರು ಒಂದು ಕಡೆ, ಅವರ ಜೊತೆಗಿದ್ದವರು ಇನ್ನೊಂದು ಕಡೆ. ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಪ್ಲೇಗ್ ಮಾರಿಯಮ್ಮನಿಗೆ ಗುಡಿ ಕಟ್ಟಿದರು. ಇಕ್ಕಟ್ಟಿನ ಪೇಟೆಯಿಂದ ಜನ ಮಲ್ಲೇಶ್ವರ, ಬಸವನಗುಡಿಯ ಅಗಲ ರಸ್ತೆಗಳಿಗೆ ಹೊರಟದ್ದೂ ಆ ಹೊತ್ತಿನಲ್ಲೇ.

ನಾಯಕಿಯದೇ ದೊಡ್ಡ ತಲೆನೋವು. ಪೇಟೆಯ ಒಳ್ಳೆ ಮನೆತನದಲ್ಲಿ ಹತ್ತೊಂಬತ್ತರ, ಮದುವೆಯಾಗದ ಹುಡುಗಿ ಅವತ್ತು ಎಲ್ಲಿದ್ದಳು? ಮೈಸೂರಿನಲ್ಲಿ 1894ರಲ್ಲಿ ಬಂದ ಬಾಲ್ಯವಿವಾಹ ತಡೆ ಕಾನೂನೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ಬೇಡ ಅಂತ. ಎಂಟು! ಹಾಗಾಗಿ ನನ್ನ ನಾಯಕಿ ವಿಧವೆ. ಒಮ್ಮೆಯೂ ಸಂಸಾರ ಮಾಡದ, ತವರಿನಲ್ಲೇ ಉಳಿದ ವಿಧವೆ. ನಾಯಕ ಹಲಸೂರಿನ ಮೊದಲಿಯಾರರ ಹುಡುಗ, ಕಾಂಪೌಂಡರ್, ಪ್ಲೇಗಿನ ಕೆಲಸಕ್ಕೆ ಪೇಟೆಗೆ ಹಾಕಿದ್ದಾರೆ. ತಪಾಸಣೆಗೆ ಬಂದಾಗ ಅವಳು ಅಣ್ಣನ ಮಗುವನ್ನು ಅಕ್ಕಿ ಮೂಟೆಯ ಹಿಂದೆ ಮಲಗಿಸಿರುತ್ತಾಳೆ. ಮಗುವಿಗೆ ಮೈ ಸುಡುತ್ತಿದೆ. ಅವನಿಗೆ ಅದರ ನರಳಿಕೆ ಕೇಳಿಸುತ್ತೆ. ಪುಸ್ತಕದಲ್ಲಿ "ಯಾರಿಗೂ ಜ್ವರವಿಲ್ಲ" ಅಂತ ಬರೆದು ಹೋಗುತ್ತಾನೆ.

ಇದನ್ನು ಓದಿ ಅಕ್ಕ ಏನೂ ಹೇಳಲಿಲ್ಲ. ಮುಂದಿನ ಹಾಳೆ ಎಲ್ಲಿ ಅಂತ ಕೈ ಚಾಚಿದಳು.

ಲಕ್ನೋದ ಮುತ್ತಿಗೆಗೂ ಇದಕ್ಕೂ ಇರೋ ಫರಕು ನನಗೆ ಆಗ ಕಂಡಿತು. ಅಲ್ಲಿ ಅಡ್ಡಿ ಆಕಾಶದಿಂದ ಬೀಳುತ್ತಿತ್ತು. ಇಬ್ಬರೂ ತಲೆ ತಗ್ಗಿಸಿ ಕೂರಬೇಕಿತ್ತು, ಅಷ್ಟೇ. ಇಲ್ಲಿ ಅಡ್ಡಿ ಅವನ ಕೆಲಸದಲ್ಲೇ ಇದೆ, ಅವಳ ಸುಳ್ಳಿನಲ್ಲೇ ಇದೆ. ಅವನು ಬರೆದರೆ ಅವಳ ಮನೆ ಹೋಗುತ್ತೆ, ಬರೆಯದಿದ್ದರೆ ಬೀದಿ ಹೋಗುತ್ತೆ. ಮಗುವಿನ ಜ್ವರ ಬಿಟ್ಟ ಮೇಲೂ ಆ ಸುಳ್ಳು ಇಬ್ಬರ ನಡುವೆ ಇದ್ದೇ ಇರುತ್ತೆ. ಮುಂದೆ ಮದುವೆಯ ಮಾತಿಗೂ ಹಾಗೇ. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನು ಬಂದಿತ್ತು, ಆದರೆ ಅದು ಬ್ರಿಟಿಷ್ ಇಂಡಿಯಾದ್ದು. ಪೇಟೆ ಮಹಾರಾಜರದ್ದು. ಜಾತಿ ಬೇರೆ ಅಂತ 1872ರ ವಿಶೇಷ ವಿವಾಹ ಕಾನೂನಿನಡಿ ರಿಜಿಸ್ಟರ್ ಮಾಡಿಸೋಕೆ ಹೋದರೆ, ನಾನು ಹಿಂದೂ ಅಲ್ಲ, ಇನ್ಯಾವ ಧರ್ಮದವಳೂ ಅಲ್ಲ ಅಂತ ಬರೆದುಕೊಡಬೇಕು. ದಿನಾ ತುಳಸಿಗೆ ನೀರು ಹಾಕುವ ಹುಡುಗಿ ಆ ಕಾಗದಕ್ಕೆ ಸಹಿ ಹಾಕ್ತಾಳಾ? ನನಗೇ ಇನ್ನೂ ಗೊತ್ತಿಲ್ಲ.

ಕಾಗದದ ವಿಷಯದಲ್ಲೂ ಬೆಂಗಳೂರೇ ಗೆದ್ದಿತು. ಸುರಪುರದಲ್ಲಿ ಪ್ರೇಮಪತ್ರ ಅಂದರೆ ಒಬ್ಬ ನಂಬಿಗಸ್ತ ಆಳು ಬೇಕು, ಅವನು ಮೋಸ ಮಾಡಬೇಕು, ಅದೇ ಹಳೇ ಕಥೆ. 1898ರಲ್ಲಿ ಟಪಾಲು ಮನೆ ಬಾಗಿಲಿಗೆ ಬರುತ್ತೆ. ಮೈಸೂರಿನ ಹಳೆಯ ಅಂಚೆ ಬ್ರಿಟಿಷ್ ಟಪಾಲಿಗೆ ಸೇರಿ ಒಂಬತ್ತು ವರ್ಷ ಆಗಿತ್ತು. ಲಕೋಟೆಗೆ ಅರ್ಧ ಆಣೆ, ಕಾರ್ಡಿಗೆ ಕಾಲಾಣೆ. ಬಡ ಕಾಂಪೌಂಡರ್ ಕಾರ್ಡು ಹಾಕುತ್ತಾನೆ. ಕಾರ್ಡನ್ನು ಅವಳ ಅತ್ತಿಗೆ ಮೊದಲು ಓದುತ್ತಾಳೆ. ಹಾಗಾಗಿ ಇಬ್ಬರೂ ಔಷಧಿಯ ಲೆಕ್ಕದಲ್ಲಿ ಮಾತಾಡೋದು ಕಲಿಯುತ್ತಾರೆ. "ಎರಡು ಬಾಟಲಿ ಬಾಕಿ" ಅಂದರೆ ಏನು ಅಂತ ಅವರಿಬ್ಬರಿಗೇ ಗೊತ್ತು.

ನಷ್ಟವೂ ಇದೆ, ಮುಚ್ಚಿಡಲ್ಲ. ದಿಂಬಿನಷ್ಟು ದಪ್ಪದ ಆಸೆ ಇದರಲ್ಲಿ ಪೂರ್ತಿ ತೀರಲ್ಲ. ಆನೆ ಅಂಬಾರಿ ಬೇಕು ಅನ್ನೋರಿಗೆ ಸುರಪುರವೇ ಸರಿ. ಪ್ಲೇಗಿನ ಕಥೆಯಲ್ಲಿ ವಾಸನೆ ಜಾಸ್ತಿ, ವೈಭವ ಕಮ್ಮಿ. ಊಟದ ಹೊತ್ತಿನಲ್ಲಿ ಓದಬೇಡಿ.

ಈಗ ಹನ್ನೊಂದನೇ ಅಧ್ಯಾಯದಲ್ಲಿದ್ದೇನೆ. ಅವಳನ್ನು ಕ್ಯಾಂಪಿಗೆ ಹಾಕಿದ್ದಾರೆ. ಒಳಗಿನಿಂದ ಬರೋದನ್ನೆಲ್ಲ ಔಷಧಿ ನೀರಿನಲ್ಲಿ ಅದ್ದಿಯೇ ಹೊರಗೆ ಬಿಡೋದು ಅಂತ ಇಟ್ಟುಕೊಂಡಿದ್ದೇನೆ. ಅವಳು ಕಾಗದ ಬರೆದರೆ ಮಸಿ ಕರಗಿ ನೀಲಿ ನೀರಾಗುತ್ತೆ. ವಾರ ಪೂರ್ತಿ ಅಲ್ಲೇ ಸಿಕ್ಕಿಕೊಂಡಿದ್ದೆ. ನಿನ್ನೆ ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡೆ.

"ಸೀಸದ ಕಡ್ಡಿಯಲ್ಲಿ ಬರೆಸೋ," ಅಂದಳು. "ಅದು ನೀರಿಗೆ ಹೋಗಲ್ಲ."