ನೀಲಗಿರಿಯ ಗ್ರೀನ್ ಟೀ: ಹಲವು ವರ್ಷಗಳ ಬಳಕೆಯ ನಂತರ

ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಿಂದ ತರುವ, ನೀಲಗಿರಿ ತೋಟದ ಬಿಡಿ ಎಲೆಯ ಗ್ರೀನ್ ಟೀಯನ್ನು ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಕುಡಿಯುತ್ತಿದ್ದೇವೆ. ಇದರ ರುಚಿಗೆ ಪೂರ್ಣ ಅಂಕ ಕೊಡುತ್ತೇನೆ. ನೀರು ಕುದಿದು ಸುಮಾರು 80 ಡಿಗ್ರಿಗೆ ಇಳಿದ ಮೇಲೆ ಎಲೆ ಹಾಕಿ, ಎರಡು ಮೂರು ನಿಮಿಷಕ್ಕೆ ಸೋಸಿದರೆ ಕಹಿಯಾಗುವುದಿಲ್ಲ. ಆದರೆ ಪೊಟ್ಟಣದ ಮೇಲಿರುವ ‘ಕೊಬ್ಬು ಕರಗಿಸುತ್ತದೆ’ ಎಂಬ ಮಾತಿಗೆ ಅಂಕ ಕೊಡಲಾರೆ.

ಆ ಮಾತಿಗೆ ಆಧಾರವೇ ಇಲ್ಲವೆಂದಲ್ಲ. 1999ರಲ್ಲಿ ಜಿನೀವಾದಲ್ಲಿ ಅಬ್ದುಲ್ ಡುಲ್ಲೂ ಮತ್ತು ಸಂಗಡಿಗರು ಹತ್ತು ಮಂದಿ ಆರೋಗ್ಯವಂತ ಗಂಡಸರಿಗೆ ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ 50 ಮಿಲಿಗ್ರಾಂ ಕೆಫೀನ್ ಮತ್ತು 90 ಮಿಲಿಗ್ರಾಂ ಇಜಿಸಿಜಿ (ಚಹಾ ಎಲೆಯಲ್ಲಿರುವ ಕ್ಯಾಟೆಕಿನ್ ಎಂಬ ಸಂಯುಕ್ತಗಳಲ್ಲಿ ಮುಖ್ಯವಾದುದು) ಇದ್ದ ಗ್ರೀನ್ ಟೀ ಸಾರವನ್ನು ಕೊಟ್ಟಾಗ, ದಿನದ ಶಕ್ತಿವ್ಯಯ ಸುಮಾರು ಶೇಕಡಾ 4ರಷ್ಟು ಏರಿತು. ದೇಹವು ಕೊಬ್ಬನ್ನು ಉರಿಸುವುದೂ ಹೆಚ್ಚಿತು. ಅಷ್ಟೇ ಪ್ರಮಾಣದ ಕೆಫೀನನ್ನು ಮಾತ್ರ ಕೊಟ್ಟಾಗ ಈ ಪರಿಣಾಮ ಕಾಣಲಿಲ್ಲ. ಕೊಬ್ಬಿನ ಬಿಡುಗಡೆಗೆ ಸೂಚನೆ ಕೊಡುವ ನಾರ್‌ಅಡ್ರಿನಲಿನ್ ರಸವನ್ನು ಒಡೆಯುವ ಕಿಣ್ವವನ್ನು ಕ್ಯಾಟೆಕಿನ್‌ಗಳು ತಡೆಯುತ್ತವೆ, ಜೀವಕೋಶದೊಳಗೆ ಆ ಸೂಚನೆಯನ್ನು ಅಳಿಸುವ ಮತ್ತೊಂದು ಕಿಣ್ವವನ್ನು ಕೆಫೀನ್ ತಡೆಯುತ್ತದೆ, ಹೀಗೆ ಎರಡೂ ಸೇರಿ ಕೆಲಸ ಮಾಡುತ್ತವೆ ಎಂಬುದು ಸಂಶೋಧಕರು ಕೊಟ್ಟ ವಿವರಣೆ.

ಆದರೆ ಆ ಶೇಕಡಾ 4 ಎಂದರೆ ದಿನಕ್ಕೆ ಸುಮಾರು 80 ಕ್ಯಾಲೊರಿ. ಒಂದು ತುಂಡು ಮೈಸೂರು ಪಾಕ್ ಅದನ್ನು ಮೀರಿಸುತ್ತದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆಯು ಜಪಾನಿನ ಹೊರಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ತೂಕದಲ್ಲಿ ಕಂಡ ಸರಾಸರಿ ವ್ಯತ್ಯಾಸ ಕೇವಲ 40 ಗ್ರಾಂ. ನಮ್ಮ ಊರಿನವರು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ತೂಕ ಇಳಿಸಿಕೊಂಡವರು ಅದನ್ನು ಉಳಿಸಿಕೊಳ್ಳಲು ಗ್ರೀನ್ ಟೀ ಸಾರ ನೆರವಾಗುವುದೇ ಎಂದು ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ನೋಡಿತು. ಮೊದಲಿನಿಂದಲೂ ಕೆಫೀನ್ ಕಡಿಮೆ ಸೇವಿಸುತ್ತಿದ್ದವರಿಗೆ ಅದು ನೆರವಾಯಿತು, ಹೆಚ್ಚು ಸೇವಿಸುತ್ತಿದ್ದವರಿಗೆ ಆಗಲಿಲ್ಲ. ಬೆಳಗಾಗುತ್ತಿದ್ದಂತೆ ಫಿಲ್ಟರ್ ಕಾಫಿಗೆ ಡಿಕಾಕ್ಷನ್ ಇಳಿಸುವ ಮನೆಗಳಲ್ಲಿ ಗ್ರೀನ್ ಟೀಯಿಂದ ಹೆಚ್ಚೇನನ್ನೂ ನಿರೀಕ್ಷಿಸುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ.

ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಸಂಜೆಯ ಸಕ್ಕರೆ ಹಾಕಿದ ಕಾಫಿಯ ಜಾಗಕ್ಕೆ ಇದು ಬಂದು, ಕುಕ್ಕರಹಳ್ಳಿ ಕೆರೆಯ ಸುತ್ತಿನ ನಡಿಗೆ ರೂಢಿಯಾದ ಮೇಲೆ ಸೊಂಟದ ಸುತ್ತಳತೆ ನಿಧಾನವಾಗಿ ಇಳಿದಿದೆ. ಅದರ ಶ್ರೇಯಸ್ಸನ್ನು ನಾನು ಬಿಟ್ಟ ಸಕ್ಕರೆಗೂ ನಡಿಗೆಗೂ ಕೊಡುತ್ತೇನೆ. ಊಟದ ಜೊತೆಯಲ್ಲಿ ಮಾತ್ರ ಕುಡಿಯುವುದಿಲ್ಲ, ಏಕೆಂದರೆ ಸೊಪ್ಪು ಮತ್ತು ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದಕ್ಕೆ ಚಹಾ ಅಡ್ಡಿಯಾಗುತ್ತದೆ.

ಎಲೆಯ ಪಕ್ಕದಲ್ಲೇ ಮಾರಾಟಕ್ಕಿಡುವ ಗ್ರೀನ್ ಟೀ ಸಾರದ ಕ್ಯಾಪ್ಸೂಲ್‌ಗಳನ್ನು ಯಾರಿಗೂ ಶಿಫಾರಸು ಮಾಡಲಾರೆ. ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾಗುತ್ತಿರಬಹುದೆಂದು ಸೂಚಿಸುವ ಕಿಣ್ವಗಳು ರಕ್ತದಲ್ಲಿ ಏರಿದ್ದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ತಿಳಿಸಿದೆ. ಈಗಾಗಲೇ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅವುಗಳನ್ನು ಕೊಳ್ಳಬಾರದು.